ಕೇಬಲ್ ದಪ್ಪವಿದ್ದರೂ ಇನ್ವರ್ಟರ್ ಏಕೆ ಕೈಕೊಡುತ್ತದೆ? ಬ್ಯಾಟರಿ ಕೇಬಲ್ ಎಳೆಯುವ ದಾರಿಯ ಬಗ್ಗೆ ಒಂದು ಪ್ರಶ್ನೆ

ಕತ್ತಲಮನೆ:
ಗ್ರಿಡ್ ಸಂಪರ್ಕವೇ ಇಲ್ಲದ ಸೌರ ವ್ಯವಸ್ಥೆ ನನ್ನದು. 24 ವೋಲ್ಟ್‌ನ 3000 ವ್ಯಾಟ್ ಸೈನ್‌ವೇವ್ ಇನ್ವರ್ಟರ್ ಇದೆ. ಸರಣಿಯಲ್ಲಿ ಜೋಡಿಸಿದ ಎರಡು 12 ವೋಲ್ಟ್ ಲೆಡ್-ಆಸಿಡ್ ಟ್ಯೂಬ್ಯುಲರ್ ಬ್ಯಾಟರಿಗಳಿವೆ. ಕೇಬಲ್ 35 ಚದರ ಮಿಲಿಮೀಟರ್ ತಾಮ್ರದ್ದು, ಒಂದೊಂದು ಬದಿಗೆ 3 ಮೀಟರ್ ಉದ್ದ. ಜೋಡಿಸಿಕೊಟ್ಟವರು ಪಾಸಿಟಿವ್ ಕೇಬಲನ್ನು ಗೋಡೆಯ ಮೇಲಿನ ಪಟ್ಟಿಯಲ್ಲೂ ನೆಗೆಟಿವ್ ಕೇಬಲನ್ನು ಅದಕ್ಕಿಂತ ಅರ್ಧ ಮೀಟರ್ ಕೆಳಗೂ ಎಳೆದಿದ್ದಾರೆ. ಶಾರ್ಟ್ ಆಗಬಾರದು ಎಂಬುದು ಅವರು ಕೊಟ್ಟ ಕಾರಣ.

ಬ್ಯಾಟರಿ ತುಂಬಿದ್ದಾಗಲೂ ಪಂಪಿನ ಮೋಟರ್ ಚಾಲೂ ಆಗುವ ಕ್ಷಣದಲ್ಲಿ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ತೋರಿಸಿ ಆಫ್ ಆಗುತ್ತದೆ. ಲೋಡ್ ಇಲ್ಲದಾಗ ಬ್ಯಾಟರಿಯ ತುದಿಗಳಲ್ಲಿ 25 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಕಟ್-ಆಫ್ (ಇನ್ವರ್ಟರ್ ತಾನಾಗಿ ನಿಲ್ಲುವ ಮಟ್ಟ) ಇರುವುದು 21 ವೋಲ್ಟ್‌ಗೆ. ಕೇಬಲ್ ಹೋಗಿರುವ ದಾರಿಯೇ ಇದಕ್ಕೆ ಕಾರಣವಾಗಿರಬಹುದೇ, ಅಥವಾ ನಾನು ಇನ್ನೂ ದಪ್ಪ ಕೇಬಲ್ ತರಬೇಕೇ?

ಹಳೇಫ್ಯೂಸ್:
70 ಚದರ ಮಿಲಿಮೀಟರ್ ಹಾಕಿ, ಈ ಚರ್ಚೆಯನ್ನು ಇಲ್ಲಿಗೇ ಮುಗಿಸಿ.

ಮಿಲಿಓಮ್:
ಹಳೇಫ್ಯೂಸ್ ಅವರೇ, ಲೆಕ್ಕ ಹಾಕದೆ ಕೇಬಲ್ ಬದಲಿಸಿದರೆ ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಎಂಬಂತಾಗುತ್ತದೆ. 35 ಚದರ ಮಿಲಿಮೀಟರ್ ತಾಮ್ರದ ರೋಧ ಮೀಟರಿಗೆ ಸುಮಾರು 0.5 ಮಿಲಿಓಮ್. ಹೋಗುವ 3 ಮೀಟರ್, ಬರುವ 3 ಮೀಟರ್ ಸೇರಿದರೆ 3 ಮಿಲಿಓಮ್ ಆಗುತ್ತದೆ. ಮೋಟರ್ ಚಾಲೂ ಆಗುವಾಗ 250 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೂ ಕೇಬಲ್‌ನಲ್ಲಿ ಇಳಿಯುವುದು ಮುಕ್ಕಾಲು ವೋಲ್ಟ್ ಮಾತ್ರ. ಎರಡು ಬ್ಯಾಟರಿಗಳ ಒಳರೋಧವನ್ನು ಒಟ್ಟು 8 ಮಿಲಿಓಮ್ ಎಂದು ಇಟ್ಟುಕೊಂಡರೆ ಅಲ್ಲಿ 2 ವೋಲ್ಟ್ ಇಳಿಯುತ್ತದೆ. 25ರಲ್ಲಿ ಇವೆರಡನ್ನೂ ಕಳೆದರೆ ಇನ್ವರ್ಟರ್‌ಗೆ 22 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚೇ ಸಿಗಬೇಕು. ಹಾಗಿದ್ದರೆ ಉಳಿದ ಒಂದೂಕಾಲು ವೋಲ್ಟ್ ಎಲ್ಲಿ ಹೋಗುತ್ತಿದೆ? ಕೇಬಲನ್ನು ದುಪ್ಪಟ್ಟು ದಪ್ಪ ಮಾಡಿದರೆ ನಿಮಗೆ ಮರಳಿ ಸಿಗುವುದು 0.37 ವೋಲ್ಟ್ ಅಷ್ಟೆ.

ಸುರುಳಿ:
ಮಿಲಿಓಮ್ ಅವರ ಲೆಕ್ಕ ಸರಿಯಾಗಿದೆ, ಆದರೆ ಅದು ಬರೀ ರೋಧದ ಲೆಕ್ಕ. ಇನ್ವರ್ಟರ್ ಬ್ಯಾಟರಿಯಿಂದ ಎಳೆಯುವುದು ನಯವಾದ ಡಿಸಿ ಕರೆಂಟನ್ನಲ್ಲ. ಹೊರಗೆ 50 ಹರ್ಟ್ಜ್ ಎಸಿ ಕೊಡುವ ಸಿಂಗಲ್ ಫೇಸ್ ಇನ್ವರ್ಟರ್, ಒಳಗೆ 100 ಹರ್ಟ್ಜ್ ಲಯದಲ್ಲಿ ಏರಿಳಿಯುವ ಕರೆಂಟನ್ನು ಎಳೆಯುತ್ತದೆ. ಶುದ್ಧ ರೋಧದ ಲೋಡ್ ಇದ್ದಾಗ ಆ ಕರೆಂಟ್ ಪ್ರತಿ ಆವರ್ತದಲ್ಲಿ ಸೊನ್ನೆಯಿಂದ ಸರಾಸರಿಯ ದುಪ್ಪಟ್ಟಿನವರೆಗೆ ಹೋಗಿ ಬರುತ್ತದೆ. ಈ ಏರಿಳಿತ, ಅಂದರೆ ರಿಪ್ಪಲ್, ಪೂರ್ತಿಯಾಗಿ ಕೇಬಲ್‌ನಲ್ಲೇ ಹರಿದರೆ, ಅದೇ ಸರಾಸರಿ ಕರೆಂಟಿಗೆ ಕೇಬಲ್‌ನಲ್ಲಿ ಹುಟ್ಟುವ ಶಾಖ ಒಂದೂವರೆ ಪಟ್ಟಾಗುತ್ತದೆ ಎಂಬುದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ದಾರಿಯ ವಿಷಯ. ಎರಡು ಕೇಬಲ್‌ಗಳ ನಡುವೆ ಎಷ್ಟು ಜಾಗ ಬಿಡುತ್ತೀರೋ ಅಷ್ಟು ದೊಡ್ಡ ಕುಣಿಕೆಯಾಗುತ್ತದೆ, ಆ ಕುಣಿಕೆಗೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಗೆ ಅಡ್ಡಿಪಡಿಸುವ ಗುಣ, ಇರುತ್ತದೆ. ಅರ್ಧ ಮೀಟರ್ ಅಂತರದಲ್ಲಿ ಓಡುವ ಇಂಥ ಜೋಡಿಗೆ ಪ್ರತಿ ಮೀಟರಿಗೆ ಸುಮಾರು 1.9 ಮೈಕ್ರೋಹೆನ್ರಿ ಬರುತ್ತದೆ. ಅದೇ ಜೋಡಿಯನ್ನು ಮೈಗೆ ಮೈ ತಾಗಿಸಿ ಕಟ್ಟಿದರೆ ಸುಮಾರು 0.5ಕ್ಕೆ ಇಳಿಯುತ್ತದೆ. ಇಂಡಕ್ಟೆನ್ಸ್ ಇರುವ ಕೇಬಲ್ ಹೊರೆ ಹೇರಿದ ಗಾಡಿಯಿದ್ದಂತೆ, ಹೊರಡಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಮೋಟರ್ ಚಾಲೂ ಆಗುವಾಗ ಕರೆಂಟ್ ಒಮ್ಮೆಲೇ ಏರಬೇಕಾಗುತ್ತದೆ, ಆಗ ಈ ಕುಣಿಕೆ ಅಡ್ಡ ನಿಲ್ಲುತ್ತದೆ.

ಒಣತರ್ಕ:
ಸುರುಳಿ ಅವರೇ, ಸಂಖ್ಯೆಗಳು ಸುಂದರವಾಗಿವೆ, ಆದರೆ ಅವುಗಳನ್ನು ಕೊನೆಯವರೆಗೂ ಕೊಂಡೊಯ್ಯಿರಿ. 3 ಮೀಟರಿಗೆ ಸುಮಾರು 5.5 ಮೈಕ್ರೋಹೆನ್ರಿ ಆಯಿತು. 100 ಹರ್ಟ್ಜ್‌ನಲ್ಲಿ ಅದರ ರಿಯಾಕ್ಟೆನ್ಸ್ (ಏರಿಳಿಯುವ ಕರೆಂಟಿಗೆ ಇಂಡಕ್ಟೆನ್ಸ್ ಒಡ್ಡುವ ತಡೆ) ಸುಮಾರು 3.5 ಮಿಲಿಓಮ್. ಬ್ಯಾಟರಿ ಮತ್ತು ಕೇಬಲ್‌ನ ರೋಧವೇ 11 ಮಿಲಿಓಮ್ ಇದೆ. ರೋಧವನ್ನೂ ರಿಯಾಕ್ಟೆನ್ಸನ್ನೂ ನೇರವಾಗಿ ಕೂಡುವಂತಿಲ್ಲ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ಹಾಗೆ ಮಾಡಿದರೆ ಒಟ್ಟು ಬರುವುದು 11.5 ಮಿಲಿಓಮ್. ಅಂದರೆ ಕೇಬಲ್‌ಗಳನ್ನು ಎಷ್ಟೇ ಒತ್ತಾಗಿ ಕಟ್ಟಿದರೂ ಲೆಡ್-ಆಸಿಡ್ ವ್ಯವಸ್ಥೆಯ 100 ಹರ್ಟ್ಜ್ ರಿಪ್ಪಲ್‌ನಲ್ಲಿ ನೂರಕ್ಕೆ ಐದರಷ್ಟೂ ಕಡಿಮೆಯಾಗುವುದಿಲ್ಲ.

ಇನ್ವರ್ಟರ್‌ನ ಸ್ವಿಚಿಂಗ್ ಆವರ್ತನದ (ಒಳಗಿನ ಸ್ವಿಚ್‌ಗಳು ಆನ್-ಆಫ್ ಆಗುವ ವೇಗದ) ಮಾತು ಬೇರೆ ಎನ್ನುತ್ತೀರಾ? 20 ಕಿಲೋಹರ್ಟ್ಜ್‌ನಲ್ಲಿ ನಿಮ್ಮ ಕುಣಿಕೆ 0.7 ಓಮ್ ಆಗುತ್ತದೆ, ಒತ್ತಾಗಿ ಕಟ್ಟಿದ ಜೋಡಿ 0.2 ಓಮ್ ಆಗುತ್ತದೆ. ಎರಡೂ ಸಂದರ್ಭಗಳಲ್ಲಿ ಆ ಕರೆಂಟನ್ನು ಕೊಡುವುದು ಇನ್ವರ್ಟರ್‌ನ ಒಳಗಿರುವ ಕೆಪಾಸಿಟರ್‌ಗಳೇ ಹೊರತು ಬ್ಯಾಟರಿಯಲ್ಲ. ಹಾಗಾಗಿ ಕೇಬಲ್ ದೂರದೂರ ಇದ್ದರೆ ಕೆಪಾಸಿಟರ್ ಸುಟ್ಟುಹೋಗುತ್ತದೆ ಎಂದು ಎಲ್ಲೆಡೆ ಹೇಳುವ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ.

ಸುರುಳಿ:
ನಿಮ್ಮ ಮೊದಲ ಲೆಕ್ಕವನ್ನು ಒಪ್ಪುತ್ತೇನೆ. ಅದು ಲೆಡ್-ಆಸಿಡ್‌ಗೆ ಹೊಂದುತ್ತದೆ. ಆದರೆ 100 ಹರ್ಟ್ಜ್ ಮತ್ತು 20 ಕಿಲೋಹರ್ಟ್ಜ್‌ಗಳ ನಡುವಿನ ಜಾಗವನ್ನು ನೀವು ಹಾರಿಬಿಟ್ಟಿರಿ, ಕಥೆ ಇರುವುದು ಅಲ್ಲಿಯೇ. ಕೇಬಲ್‌ನ ಇಂಡಕ್ಟೆನ್ಸ್ ಮತ್ತು ಇನ್ವರ್ಟರ್‌ನ ಕೆಪಾಸಿಟರ್ ಸೇರಿ ಒಂದು ಅನುರಣನ ಮಂಡಲವಾಗುತ್ತವೆ, ಅಂದರೆ ಒಂದು ನಿರ್ದಿಷ್ಟ ಆವರ್ತನದಲ್ಲಿ ಕರೆಂಟ್ ಸುಲಭವಾಗಿ ತೂಗಾಡುವ ಜೋಡಿ. ಒಳಗೆ 20,000 ಮೈಕ್ರೋಫ್ಯಾರಡ್ ಇದೆ ಎಂದು ಇಟ್ಟುಕೊಂಡರೆ 5.5 ಮೈಕ್ರೋಹೆನ್ರಿಯೊಂದಿಗೆ ಅದರ ಅನುರಣನ ಸುಮಾರು 480 ಹರ್ಟ್ಜ್‌ಗೆ ಬರುತ್ತದೆ. ಕಂಪ್ಯೂಟರ್, ಟಿವಿ, ಎಲ್‌ಇಡಿ ದೀಪಗಳಂಥ ಲೋಡ್‌ಗಳು ಕರೆಂಟನ್ನು ಚುಚ್ಚುಚುಚ್ಚಾಗಿ ಎಳೆಯುವುದರಿಂದ ಡಿಸಿ ಬದಿಯಲ್ಲಿ 200, 300, 400 ಹೀಗೆ 100ರ ಗುಣಕಗಳೆಲ್ಲ ಇರುತ್ತವೆ. ಅವುಗಳಲ್ಲಿ ಒಂದು ಈ ಅನುರಣನದ ಮೇಲೆ ಹೋಗಿ ಕೂತರೆ ಕೇಬಲ್ ಮತ್ತು ಕೆಪಾಸಿಟರ್‌ಗಳ ನಡುವೆ ಕರೆಂಟ್ ಸುಮ್ಮನೆ ಅತ್ತಿತ್ತ ತೂಗಾಡುತ್ತದೆ, ಅದೇ ಕೆಪಾಸಿಟರನ್ನು ಕಾಯಿಸುತ್ತದೆ.

ಲೆಡ್-ಆಸಿಡ್ ಬ್ಯಾಟರಿಯ ಒಳರೋಧ ಈ ತೂಗಾಟವನ್ನು ತಾನೇ ತಡೆದುಬಿಡುತ್ತದೆ. ಬ್ಯಾಟರಿ, ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್), ದಪ್ಪ ಕೇಬಲ್ ಎಲ್ಲ ಸೇರಿ ಒಟ್ಟು ರೋಧ 6 ಮಿಲಿಓಮ್ ಇರುವ ಲಿಥಿಯಂ ವ್ಯವಸ್ಥೆಯಲ್ಲಿ ಆ ತಡೆ ಇರುವುದಿಲ್ಲ. ಅಲ್ಲಿ ಅದೇ ಕುಣಿಕೆ ಅನುರಣನದ ಬಳಿ ರಿಪ್ಪಲ್ ಕರೆಂಟನ್ನು ದುಪ್ಪಟ್ಟಿಗೂ ಮೀರಿ ಹಿಗ್ಗಿಸಬಲ್ಲದು. ಕೆಪಾಸಿಟರ್‌ನ ಒಳರೋಧ ಸ್ವಲ್ಪ ತಗ್ಗಿಸುತ್ತದೆ, ನಿಜ. ಆದರೂ ರೋಧವನ್ನು ಕಡಿಮೆ ಮಾಡುತ್ತ ಹೋದಷ್ಟೂ ಕೊನೆಗೆ ಉಳಿಯುವುದು ಇಂಡಕ್ಟೆನ್ಸ್ ಒಂದೇ ಎಂಬುದು ನನ್ನ ವಾದ.

ಒಣತರ್ಕ:
ಲಿಥಿಯಂಗೆ ಒಪ್ಪಿದೆ. ಪ್ರಶ್ನೆ ಕೇಳಿದವರದು ಲೆಡ್-ಆಸಿಡ್.

ಮಿಲಿಓಮ್:
ಮೋಟರ್ ವಿಷಯದಲ್ಲಿ ಇಬ್ಬರೂ ಒಂದು ಸಂಗತಿಯನ್ನು ಬಿಟ್ಟಿದ್ದೀರಿ. ಮೋಟರ್ ಚಾಲೂ ಆಗುವಾಗ ಅದರ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್‌ನಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) ತೀರ ಕಡಿಮೆಯಿರುತ್ತದೆ. ಬ್ಯಾಟರಿಯಿಂದ ಹೋಗುವ ಸರಾಸರಿ ಕರೆಂಟ್ ವ್ಯಾಟ್‌ಗೆ ತಕ್ಕಂತೆ ಇರುತ್ತದೆ, ಆದರೆ 100 ಹರ್ಟ್ಜ್ ಏರಿಳಿತದ ಗಾತ್ರ ವೋಲ್ಟ್-ಆಂಪಿಯರ್‌ಗೆ ತಕ್ಕಂತೆ ಇರುತ್ತದೆ. ಆದ್ದರಿಂದ ಆ ಕ್ಷಣದಲ್ಲಿ ಏರಿಳಿತವೇ ಸರಾಸರಿಯನ್ನು ಮೀರಿಸಿ, ಪ್ರತಿ ಆವರ್ತದ ಒಂದು ತುಣುಕಿನಲ್ಲಿ ಕರೆಂಟ್ ಬ್ಯಾಟರಿಯ ಕಡೆಗೇ ತಿರುಗಿ ಹರಿಯಬಹುದು. ಡಿಸ್‌ಪ್ಲೇ ತೋರಿಸುವ ವೋಲ್ಟೇಜ್ ಸರಾಸರಿಯದು; ಇನ್ವರ್ಟರ್‌ನ ರಕ್ಷಣಾ ಮಂಡಲ ಏರಿಳಿತದ ತಳವನ್ನು ನೋಡುವಂಥದ್ದಾಗಿದ್ದರೆ, ಪರದೆಯ ಮೇಲೆ 22 ಕಾಣುತ್ತಿರುವಾಗಲೇ ಅದು 21ಕ್ಕಿಂತ ಕೆಳಗಿನ ತಳವನ್ನು ಕಂಡು ಆಫ್ ಆಗುತ್ತದೆ.

ಕತ್ತಲಮನೆ ಅವರೇ, ದಯವಿಟ್ಟು ಅಳೆಯಿರಿ. ಹೀಟರ್‌ನಂಥ ಸ್ಥಿರ ಲೋಡ್ ಹಾಕಿ, ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಅದರ ಒಂದು ಮುಳ್ಳನ್ನು (ಪ್ರೋಬ್) ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೂ ಇನ್ನೊಂದನ್ನು ಇನ್ವರ್ಟರ್‌ನ ಪಾಸಿಟಿವ್ ತುದಿಯ ಮೇಲೂ ಇಡಿ. ಲಗ್ (ಕೇಬಲ್ ತುದಿಗೆ ಹಾಕಿದ ಲೋಹದ ಕಿವಿ) ಮೇಲೆ ಇಡಬೇಡಿ, ಕಂಬದ ಸೀಸದ ಮೇಲೆಯೇ ಇಡಿ. ಇಲ್ಲವಾದರೆ ಲಗ್ ಮತ್ತು ಕಂಬದ ನಡುವಿನ ಇಳಿತ ತಪ್ಪಿಹೋಗುತ್ತದೆ. ನೆಗೆಟಿವ್ ಬದಿಗೂ ಹಾಗೆಯೇ ಮಾಡಿ. ಆಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಇನ್ವರ್ಟರ್‌ನ ಎರಡು ಡಿಸಿ ತುದಿಗಳ ನಡುವೆ ಅಳೆದರೆ ರಿಪ್ಪಲ್ ಸಿಗುತ್ತದೆ. ಕರೆಂಟ್ ಅಳೆಯಲು ಕ್ಲ್ಯಾಂಪ್ ಮೀಟರ್ ಬಳಸುವುದಾದರೆ ಅದು ಡಿಸಿ ಅಳೆಯುವಂಥದ್ದೇ ಆಗಿರಬೇಕು.

ಬಿಸಿಲುಕೋಲು:
ನನ್ನಲ್ಲಿ ಕೇಬಲ್ ಎರಡು ಮೀಟರ್ ಉಳಿದಿದೆ. ಕತ್ತರಿಸಲು ಮನಸ್ಸಾಗದೆ ಸುತ್ತಿ ಇನ್ವರ್ಟರ್‌ನ ಕೆಳಗೆ ಇಟ್ಟಿದ್ದೇನೆ. ಇದೂ ತೊಂದರೆ ಕೊಡುತ್ತದೆಯೇ?

ಸುರುಳಿ:
ಪಾಸಿಟಿವನ್ನು ಒಂದು ಸುರುಳಿಯಾಗಿ, ನೆಗೆಟಿವನ್ನು ಇನ್ನೊಂದು ಸುರುಳಿಯಾಗಿ ಸುತ್ತಿದ್ದರೆ ನೀವು ಚೋಕ್ (ಇಂಡಕ್ಟೆನ್ಸ್‌ಗೆಂದೇ ಸುತ್ತುವ ಸುರುಳಿ) ತಯಾರಿಸಿದ್ದೀರಿ. ಸುತ್ತುಗಳ ಸಂಖ್ಯೆ ಹೆಚ್ಚಿದಂತೆ ಅದರ ಇಂಡಕ್ಟೆನ್ಸ್ ಹೆಚ್ಚುಕಡಿಮೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಎರಡನ್ನೂ ಜೋಡಿಯಾಗಿ ಒಟ್ಟಿಗೆ ಸುತ್ತಿದ್ದರೆ ಕಾಂತಕ್ಷೇತ್ರಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ, ಆದರೆ ಎರಡು ಮೀಟರಿನ ರೋಧ ಎಲ್ಲಿಗೂ ಹೋಗುವುದಿಲ್ಲ, ಸುತ್ತಿಟ್ಟ ಕೇಬಲ್‌ಗೆ ಶಾಖ ಬಿಡಲು ಜಾಗವೂ ಸಿಗುವುದಿಲ್ಲ. ಕತ್ತರಿಸಿ ಹೊಸ ಲಗ್ ಹಾಕಿಸುವುದೇ ಲೇಸು.

ಹಳೇಫ್ಯೂಸ್:
ಕತ್ತರಿಸುವಾಗ ಎರಡೂ ಬದಿಯನ್ನು ಒಂದೇ ಅಳತೆಗೆ ಕತ್ತರಿಸಬೇಕು ಎಂದು ಕೇಳಿದ್ದೇನೆ.

ಮಿಲಿಓಮ್:
ಒಂದೇ ಬ್ಯಾಟರಿ ಸರಣಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಒಟ್ಟು ಉದ್ದ ಮಾತ್ರ ಮುಖ್ಯ. ಸಮಾನ ಉದ್ದ ಬೇಕಾಗುವುದು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿದಾಗ. ನಾಲ್ಕು ಬ್ಯಾಟರಿಗಳನ್ನು ಸಾಲಾಗಿಟ್ಟು ಸಮಾಂತರವಾಗಿ ಜೋಡಿಸಿ ಇನ್ವರ್ಟರ್‌ನ ಎರಡು ಕೇಬಲ್‌ಗಳನ್ನೂ ಮೊದಲನೆಯದರಿಂದಲೇ ತೆಗೆದರೆ, ಮೊದಲನೆಯದು ಎಲ್ಲರಿಗಿಂತ ಹೆಚ್ಚು ದುಡಿಯುತ್ತದೆ, ಕೊನೆಯದು ನೆಪಮಾತ್ರಕ್ಕೆ ಇರುತ್ತದೆ. ಪಾಸಿಟಿವನ್ನು ಮೊದಲನೆಯದರಿಂದ, ನೆಗೆಟಿವನ್ನು ಕೊನೆಯದರಿಂದ ತೆಗೆದರೆ ಎಷ್ಟೋ ವಾಸಿ. ಪ್ರತಿಯೊಂದನ್ನೂ ಸಮಾನ ಉದ್ದದ ಕೇಬಲ್‌ನಿಂದ ಬಸ್‌ಬಾರ್‌ಗೆ (ಎಲ್ಲ ಕೇಬಲ್‌ಗಳೂ ಕೂಡುವ ಲೋಹದ ಪಟ್ಟಿಗೆ) ತಂದರೆ ಅದಕ್ಕಿಂತಲೂ ಉತ್ತಮ. ಲಿಥಿಯಂ ಬ್ಯಾಟರಿಯ ಒಳರೋಧ ಎಷ್ಟು ಕಡಿಮೆಯೆಂದರೆ ಅರ್ಧ ಮಿಲಿಓಮ್ ವ್ಯತ್ಯಾಸವೂ ಕರೆಂಟಿನ ಹಂಚಿಕೆಯನ್ನು ಎದ್ದು ಕಾಣುವಂತೆ ಕೆಡಿಸುತ್ತದೆ.

ತಾಮ್ರತಂತಿ:
ಕೇಬಲ್‌ಗಳನ್ನು ಒತ್ತಾಗಿ ಕಟ್ಟಿ ಎಂದು ಸುಲಭವಾಗಿ ಹೇಳುತ್ತಿದ್ದೀರಿ, ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಪ್ರಶ್ನೆ ಕೇಳಿದವರಿಗೆ ಜೋಡಿಸಿಕೊಟ್ಟವರ ಭಯ ಆಧಾರವಿಲ್ಲದ್ದಲ್ಲ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ಪಾಸಿಟಿವ್ ಕೇಬಲ್‌ಗೆ ಯಾವ ರಕ್ಷಣೆಯೂ ಇರುವುದಿಲ್ಲ. ಆ ತುಣುಕನ್ನು ನೆಗೆಟಿವ್‌ಗೆ ತಾಗಿಸಿ ಕಟ್ಟುವುದು ಅಪಾಯಕರ. ಆದ್ದರಿಂದ ಫ್ಯೂಸ್ ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರ ಇರಬೇಕು, ಜೋಡಿ ಕಟ್ಟುವುದು ಫ್ಯೂಸ್ ದಾಟಿದ ಮೇಲೆ ಆರಂಭವಾಗಬೇಕು.

ವಿರುದ್ಧ ದಿಕ್ಕಿನ ಕರೆಂಟ್ ಹರಿಯುವ ಎರಡು ಕೇಬಲ್‌ಗಳು ಒಂದನ್ನೊಂದು ದೂಡುತ್ತವೆ. ಕೆಲಸದ ಕರೆಂಟಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆದರೆ ದೊಡ್ಡ ಲಿಥಿಯಂ ಬ್ಯಾಂಕ್ ಶಾರ್ಟ್ ಆಗಿ 10,000 ಆಂಪಿಯರ್ ಹರಿದರೆ, 15 ಮಿಲಿಮೀಟರ್ ಅಂತರದ ಜೋಡಿಯಲ್ಲಿ ಆ ತಳ್ಳಾಟ ಮೀಟರಿಗೆ 1300 ನ್ಯೂಟನ್, ಅಂದರೆ 130 ಕಿಲೋಗ್ರಾಂಗೂ ಹೆಚ್ಚಿನ ಭಾರದಷ್ಟಾಗುತ್ತದೆ. ಸಾಧಾರಣ ಪ್ಲಾಸ್ಟಿಕ್ ಟೈಗಳು ಅದನ್ನು ತಾಳುವುದಿಲ್ಲ, ಹರಿದುಹೋಗುತ್ತವೆ. ಗಟ್ಟಿ ಕ್ಲ್ಯಾಂಪ್ ಬೇಕು, ಜೊತೆಗೆ ಅಷ್ಟು ಕರೆಂಟನ್ನು ಕಡಿಯಬಲ್ಲ ಫ್ಯೂಸ್ ಬೇಕು. 20,000 ಆಂಪಿಯರ್ ಕಡಿಯುವ ಸಾಮರ್ಥ್ಯದ ಕ್ಲಾಸ್-ಟಿ ಫ್ಯೂಸನ್ನು ಲಿಥಿಯಂಗೆ ಹೇಳುವುದು ಇದೇ ಕಾರಣಕ್ಕೆ.

ಗಾಳಿಯಂತ್ರ:
ಲಿಥಿಯಂ ಮಾತು ಬಂದಿದ್ದರಿಂದ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಮ್ಮಲ್ಲಿ ಬಿಎಂಎಸ್‌ನ ಮಾಸ್‌ಫೆಟ್‌ಗಳು (ಕರೆಂಟನ್ನು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಪದೇಪದೇ ಸಾಯುತ್ತಿದ್ದವು. ಓವರ್‌ಲೋಡ್ ಆದಾಗ ಬಿಎಂಎಸ್ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಕರೆಂಟನ್ನು ಕಡಿಯುತ್ತದೆ, ಕುಣಿಕೆಯಲ್ಲಿ 5.5 ಮೈಕ್ರೋಹೆನ್ರಿ ಇದ್ದು 250 ಆಂಪಿಯರ್ 10 ಮೈಕ್ರೋಸೆಕೆಂಡಿನಲ್ಲಿ ನಿಂತರೆ ಮಾಸ್‌ಫೆಟ್ ಮೇಲೆ 130 ವೋಲ್ಟ್‌ಗೂ ಹೆಚ್ಚಿನ ಚಿಮ್ಮು ಬರುತ್ತದೆ. 24 ವೋಲ್ಟ್‌ನ ಬಿಎಂಎಸ್‌ನಲ್ಲಿ ಅಷ್ಟು ತಾಳಿಕೆಯ ಮಾಸ್‌ಫೆಟ್‌ಗಳನ್ನು ಸಾಮಾನ್ಯವಾಗಿ ಹಾಕಿರುವುದಿಲ್ಲ. ಕೇಬಲ್ ಗಿಡ್ಡ ಮಾಡಿ ಒತ್ತಾಗಿ ಕಟ್ಟಿದ ಮೇಲೆ ಆ ಕಾಟ ನಿಂತಿತು. ಸುರುಳಿ ಅವರ ವಾದಕ್ಕೆ ನಾನು ಹಾಕುವ ಮತ ಇದು.

ಒಣತರ್ಕ:
ಇದನ್ನು ಪೂರ್ತಿ ಒಪ್ಪುತ್ತೇನೆ. ದಾರಿಯ ಪರಿಣಾಮ ನಿಜವಾಗಿ ಎದ್ದು ಕಾಣುವುದು ಇಂಥ ಕಡೆ, ‘ಲೋ ಬ್ಯಾಟರಿ’ ದೀಪದಲ್ಲಲ್ಲ.

ಬಿಸಿಲುಕೋಲು:
ಇನ್ವರ್ಟರನ್ನು ಬ್ಯಾಟರಿಯ ನೆತ್ತಿಯ ಮೇಲೆಯೇ ತೂಗುಹಾಕಿದರೆ ಅರ್ಧ ಮೀಟರ್ ಕೇಬಲ್ ಸಾಕಲ್ಲವೇ?

ತಾಮ್ರತಂತಿ:
ಖಂಡಿತ ಬೇಡ. ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ, ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಆದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆಸಿಡ್ ಹಬೆ ಇನ್ವರ್ಟರ್‌ನ ಸರ್ಕ್ಯೂಟ್ ಬೋರ್ಡನ್ನು ತಿನ್ನುತ್ತದೆ. ಪಕ್ಕದ ಗೋಡೆಗೆ ಹಾಕಿ, ಮೇಲಲ್ಲ. ದೂರ ಹೋಗಲೇಬೇಕಾದರೆ ಆ ದೂರವನ್ನು ಎಸಿ ಬದಿಗೆ ಕೊಡಿ. 3000 ವ್ಯಾಟ್ 230 ವೋಲ್ಟ್‌ನಲ್ಲಿ ಬರೀ 13 ಆಂಪಿಯರ್, 24 ವೋಲ್ಟ್‌ನಲ್ಲಿ ಸುಮಾರು 140.

ಕತ್ತಲಮನೆ:
ಎಲ್ಲರಿಗೂ ಧನ್ಯವಾದ. ಮಿಲಿಓಮ್ ಅವರು ಹೇಳಿದಂತೆ 1500 ವ್ಯಾಟ್ ಹೀಟರ್ ಹಾಕಿ ಅಳೆದೆ. ಕ್ಲ್ಯಾಂಪ್ ಮೀಟರ್ 70 ಆಂಪಿಯರ್ ತೋರಿಸಿತು. ನೆಗೆಟಿವ್ ಬದಿಯ ಇಳಿತ 110 ಮಿಲಿವೋಲ್ಟ್. ಪಾಸಿಟಿವ್ ಬದಿಯಲ್ಲಿ 550 ಮಿಲಿವೋಲ್ಟ್ ಬಂತು. ಭಾಗಭಾಗವಾಗಿ ನೋಡಿದಾಗ ಅದರಲ್ಲಿ 420 ಮಿಲಿವೋಲ್ಟ್ ಐಸೊಲೇಟರ್ ಸ್ವಿಚ್‌ನ (ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್) ಎರಡು ಬೋಲ್ಟ್‌ಗಳ ನಡುವೆಯೇ ಇದೆ. ಸ್ವಿಚ್‌ನ ಮೈ ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಇನ್ವರ್ಟರ್ ತುದಿಯಲ್ಲಿ ರಿಪ್ಪಲ್ 0.9 ವೋಲ್ಟ್ ಇತ್ತು, ಬ್ಯಾಟರಿಯ ಕಂಬಗಳಲ್ಲಿ 0.4.

ಮಿಲಿಓಮ್:
ಕಳೆದುಹೋದ ವೋಲ್ಟೇಜ್ ಸಿಕ್ಕಿತು. 420 ಮಿಲಿವೋಲ್ಟನ್ನು 70 ಆಂಪಿಯರ್‌ನಿಂದ ಭಾಗಿಸಿದರೆ 6 ಮಿಲಿಓಮ್. ನಿಮ್ಮ ಎರಡೂ ಕೇಬಲ್‌ಗಳ ಒಟ್ಟು ರೋಧದ ದುಪ್ಪಟ್ಟು ಆ ಒಂದು ಸ್ವಿಚ್‌ನಲ್ಲಿದೆ. 250 ಆಂಪಿಯರ್‌ಗೆ ಅದು ಒಂದೂವರೆ ವೋಲ್ಟ್ ನುಂಗುತ್ತದೆ. ಹೀಟರ್ ಹಾಕಿದಾಗಲೇ ಅದರೊಳಗೆ ಸುಮಾರು 29 ವ್ಯಾಟ್ ಶಾಖ ಹುಟ್ಟುತ್ತಿದೆ. ಅದನ್ನು ಬಿಚ್ಚಿ ಲಗ್ ಹೇಗೆ ಕೂತಿದೆ ಎಂದು ನೋಡಿ. ಲಗ್ ಮತ್ತು ಸ್ವಿಚ್‌ನ ತಾಮ್ರದ ಮುಖದ ನಡುವೆ ಸ್ಟೇನ್‌ಲೆಸ್ ವಾಷರ್ ಹಾಕಿರುವುದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ಸ್ಟೇನ್‌ಲೆಸ್ ಉಕ್ಕಿನ ರೋಧ ತಾಮ್ರದ ಸುಮಾರು 40 ಪಟ್ಟು. ಲಗ್ ನೇರವಾಗಿ ತಾಮ್ರದ ಮೇಲೆ ಕೂರಬೇಕು, ವಾಷರ್ ಅದರ ಮೇಲೆ ಬರಬೇಕು, ನಟ್ ಕೊನೆಗೆ.

ಹಳೇಫ್ಯೂಸ್:
ಅಂದರೆ ದಾರಿಯೂ ಅಲ್ಲ, ದಪ್ಪವೂ ಅಲ್ಲ, ಸ್ವಿಚ್. ಇಷ್ಟು ಹೊತ್ತು ಇಂಡಕ್ಟೆನ್ಸ್ ಬಗ್ಗೆ ಜಗಳವಾಡಿದ್ದು ಯಾಕೆ?

ಸುರುಳಿ:
ನೀವು ಮೊದಲಿಗೆ ಹೇಳಿದ 70 ಚದರ ಮಿಲಿಮೀಟರ್ ಕೇಬಲನ್ನು ತಂದಿದ್ದರೂ ಅದೇ ಸ್ವಿಚ್‌ಗೆ ಜೋಡಿಸುತ್ತಿದ್ದರು ಎಂಬುದನ್ನು ಮರೆಯಬೇಡಿ. ಐಸೊಲೇಟರ್ ಸರಿಹೋದ ಮೇಲೆ ಒಟ್ಟು ರೋಧ ಇಳಿಯುತ್ತದೆ, ಆಗ ಕುಣಿಕೆಯ ಪಾಲು ಮೊದಲಿಗಿಂತ ಹೆಚ್ಚಾಗಿ ಕಾಣುತ್ತದೆ. ಹೇಗೂ ಬಿಚ್ಚುತ್ತೀರಲ್ಲ, ದಾರಿಯನ್ನೂ ಸರಿಮಾಡಿಬಿಡಿ.

ರೇಡಿಯೋಕಿವಿ:
ಕತ್ತಲಮನೆ ಅವರೇ, ಇನ್ವರ್ಟರ್ ಚಾಲೂ ಇದ್ದಾಗ ಮೀಡಿಯಂ ವೇವ್ ರೇಡಿಯೋದಲ್ಲಿ ಗೊರಗೊರ ಸದ್ದು ಬರುತ್ತದೆಯೇ ಎಂದು ನೋಡಿ. ಅಗಲವಾದ ಕುಣಿಕೆ ಒಳ್ಳೆಯ ಆಂಟೆನಾ ಆಗುತ್ತದೆ. ಜೋಡಿಯನ್ನು ಒತ್ತಾಗಿ ಕಟ್ಟಿ, ಸಾಧ್ಯವಾದರೆ ಸಡಿಲವಾಗಿ ಹುರಿಗೊಳಿಸಿದರೆ ಗದ್ದಲ ತಗ್ಗುತ್ತದೆ. 35 ಚದರ ಮಿಲಿಮೀಟರನ್ನು ಹುರಿಗೊಳಿಸಲು ತೋಳಿನಲ್ಲಿ ಬಲ ಬೇಕು ಎಂಬುದೂ ನಿಜ. ಸಣ್ಣ ಎಳೆಗಳ ವೆಲ್ಡಿಂಗ್ ಕೇಬಲ್ ಆದರೆ ಬಗ್ಗುತ್ತದೆ.

ತಾಮ್ರತಂತಿ:
ಕೇಬಲ್‌ಗಳು ಉಕ್ಕಿನ ಪೆಟ್ಟಿಗೆಯೊಳಕ್ಕೆ ಹೋಗುವಂತಿದ್ದರೆ ಎರಡನ್ನೂ ಒಂದೇ ತೂತಿನಲ್ಲಿ, ಅಂಚಿಗೆ ರಬ್ಬರ್ ಗ್ರಾಮೆಟ್ ಹಾಕಿ ತೂರಿಸಿ. ಬೇರೆಬೇರೆ ತೂತುಗಳಲ್ಲಿ ಹೋದರೆ ಒಂದೊಂದು ಕೇಬಲ್ ಸುತ್ತಲೂ ಉಕ್ಕು ಬಳೆಯಂತೆ ಕೂತು, ರಿಪ್ಪಲ್‌ನ ಕಾಂತಕ್ಷೇತ್ರಕ್ಕೆ ದಾರಿ ಮಾಡಿಕೊಡುತ್ತದೆ. ಇಂಡಕ್ಟೆನ್ಸ್ ಏರುತ್ತದೆ, ತಗಡು ಸ್ವಲ್ಪ ಬೆಚ್ಚಗೂ ಆಗುತ್ತದೆ.

ಕತ್ತಲಮನೆ:
ಐಸೊಲೇಟರ್ ಬಿಚ್ಚಿದೆ. ಲಗ್‌ನ ಕೆಳಗೆ ವಾಷರ್ ಇತ್ತು, ಸ್ವಿಚ್‌ನ ಸಂಪರ್ಕ ಮುಖವೂ ಕಪ್ಪಾಗಿತ್ತು. ಹೊಸ ಸ್ವಿಚ್ ಹಾಕಿದೆ. ಬೇರೇನನ್ನೂ ಬದಲಿಸದೆ ಅಳೆದಾಗ ಅದೇ ಹೀಟರ್‌ಗೆ ರಿಪ್ಪಲ್ 0.9ರಿಂದ 0.6 ವೋಲ್ಟ್‌ಗೆ ಇಳಿಯಿತು. ಆಮೇಲೆ ಇನ್ವರ್ಟರನ್ನು ಬ್ಯಾಟರಿಯ ಪಕ್ಕದ ಗೋಡೆಗೆ ಸರಿಸಿ, ಕೇಬಲನ್ನು ಒಂದೂವರೆ ಮೀಟರಿಗೆ ಕತ್ತರಿಸಿ, ಫ್ಯೂಸ್ ದಾಟಿದ ಮೇಲೆ ಜೋಡಿಯಾಗಿ ಕ್ಲ್ಯಾಂಪ್ ಮಾಡಿದೆ. ಈಗ 0.5ಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತಿದೆ. ಪಂಪ್ ತಕರಾರಿಲ್ಲದೆ ಚಾಲೂ ಆಗುತ್ತಿದೆ.

ಒಣತರ್ಕ:
ಆ ಕೊನೆಯ ಇಳಿಕೆಯಲ್ಲಿ ಹೆಚ್ಚಿನ ಪಾಲು ಗಿಡ್ಡವಾದ ಕೇಬಲ್‌ನದು, ಜೋಡಿ ಕಟ್ಟಿದ್ದರ ಪಾಲು ಕಡಿಮೆ ಎಂದು ದಾಖಲಿಸಲು ಬಯಸುತ್ತೇನೆ.

ಸುರುಳಿ:
ದಾಖಲಿಸಿಕೊಳ್ಳಿ. ಅವರು ಲಿಥಿಯಂಗೆ ಹೋದ ದಿನ ಆ ಪಾಲುಗಳು ಅದಲುಬದಲಾಗುತ್ತವೆ ಎಂದು ಅದರ ಕೆಳಗೇ ನಾನೂ ಬರೆದಿಡುತ್ತೇನೆ.

ಕತ್ತಲಮನೆ:
ಇನ್ನೊಂದು ಸಂಶಯ. ಸೋಲಾರ್ ಚಾರ್ಜ್ ಕಂಟ್ರೋಲರ್ ಈಗಲೂ ಹಳೆಯ ಜಾಗದಲ್ಲೇ ಇದೆ, ಅದರಿಂದ ಬ್ಯಾಟರಿಗೆ ತೆಳ್ಳಗಿನ ಕೇಬಲ್ ಬರುತ್ತದೆ. ಬಿಸಿಲು ಜೋರಾಗಿದ್ದಾಗ ಅದು ಬೇಗನೆ ಅಬ್ಸಾರ್ಪ್ಷನ್ ಹಂತಕ್ಕೆ (ವೋಲ್ಟೇಜನ್ನು ಸ್ಥಿರವಾಗಿಟ್ಟು ಚಾರ್ಜ್ ಮಾಡುವ ಹಂತ) ಹೋಗಿ ಕರೆಂಟ್ ತಗ್ಗಿಸುತ್ತದೆ. ಇದಕ್ಕೂ ಕೇಬಲ್ ಕಾರಣವೇ?

ಮಿಲಿಓಮ್:
ಹೌದು. ಚಾರ್ಜ್ ಆಗುವಾಗ ಇಳಿತ ತಿರುಗುಮುರುಗಾಗುತ್ತದೆ: ಕಂಟ್ರೋಲರ್ ತನ್ನ ತುದಿಯಲ್ಲಿ 28.8 ಕಂಡಾಗ ಕೇಬಲ್ ಅರ್ಧ ವೋಲ್ಟ್ ತಿಂದಿದ್ದರೆ ಬ್ಯಾಟರಿಯ ಬಳಿ 28.3 ಮಾತ್ರ ಇರುತ್ತದೆ. ಕಂಟ್ರೋಲರ್‌ನಲ್ಲಿ ಪ್ರತ್ಯೇಕ ವೋಲ್ಟೇಜ್ ಸೆನ್ಸ್ ತುದಿಗಳಿದ್ದರೆ ಅವುಗಳಿಂದ ಎರಡು ಸಣ್ಣ ತಂತಿಗಳನ್ನು ಹುರಿಗೊಳಿಸಿ ನೇರವಾಗಿ ಬ್ಯಾಟರಿಯ ಕಂಬಗಳಿಗೆ ತನ್ನಿ. ಅವುಗಳನ್ನು ಇನ್ವರ್ಟರ್ ಕೇಬಲ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಓಡಿಸಬೇಡಿ, ರಿಪ್ಪಲ್ ಅವುಗಳಿಗೂ ಅಂಟುತ್ತದೆ; ದಾಟಲೇಬೇಕಾದ ಕಡೆ ಲಂಬವಾಗಿ ದಾಟಿಸಿ. ತಂತಿ ಸಣ್ಣದೆಂದು ಫ್ಯೂಸ್ ಬಿಡಬೇಡಿ, ಬ್ಯಾಟರಿಯ ಪಾಸಿಟಿವ್ ತುದಿಯಲ್ಲಿ ಒಂದು ಆಂಪಿಯರ್‌ನದು ಸಾಕು. ಸೆನ್ಸ್ ತುದಿಗಳೇ ಇಲ್ಲದಿದ್ದರೆ ಕಂಟ್ರೋಲರನ್ನೂ ಇನ್ವರ್ಟರ್ ಪಕ್ಕಕ್ಕೆ ತಂದು, ಪ್ಯಾನಲ್ ಕಡೆಯ ಕೇಬಲನ್ನು ಉದ್ದ ಮಾಡಿ. ಅಲ್ಲಿ ವೋಲ್ಟೇಜ್ ಹೆಚ್ಚು, ಕರೆಂಟ್ ಕಡಿಮೆ.

ಕತ್ತಲಮನೆ:
ಸೆನ್ಸ್ ತುದಿಗಳಿವೆ, ಈವರೆಗೆ ಖಾಲಿ ಬಿಟ್ಟಿದ್ದರು. ಫ್ಯೂಸ್ ತಂದು ಜೋಡಿಸಿ ಅಳತೆ ಹಾಕುತ್ತೇನೆ.